ಉಲ್ಟಾ ಫೈಲಿನಲ್ಲಿ ಇಲ್ಲದ ಹೆಸರು

‘ಮಾವ’ ಅಂತ ಕರೆದುಬಿಟ್ಟನಲ್ಲ, ರೋಹಿಣಿಗೆ ಅಲ್ಲಿಂದಲೇ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು. ಕಾರ್ತಿಕ ಕೆಲಸಕ್ಕೆ ಸೇರಿ ವಾರವಾಗಿರಲಿಲ್ಲ. ಮಾಲೀಕ ರಘುಪತಿ ಹೆಗಡೆಯವರು ಅವನಿಗೆ ಸೋದರಮಾವನಲ್ಲ, ದೂರದ ನೆಂಟರೂ ಅಲ್ಲ. ಆದರೂ ಅವನು ಕೂಗಿದರೆ ಸಾಕು, ಬಾಯಲ್ಲಿದ್ದ ಎಲೆಅಡಿಕೆಯ ಕವಳ ಉಗುಳಿ ಎದ್ದು ಬರುವರು. ಇಬ್ಬರೂ ತಮ್ಮ ಜಾತಿಯ ಮನೆಮಾತಿನಲ್ಲಿ ಹರಟುತ್ತಿರುವಾಗ ರೋಹಿಣಿ ಒಳಗೆ ಬಂದರೆ ಹೆಗಡೆಯವರ ಕನ್ನಡ ತಟ್ಟನೆ ಪೇಟೆಯದಾಗುತ್ತಿತ್ತು. “ಹೇಳಮ್ಮ, ಏನಾಗಬೇಕಿತ್ತು?” ಐದು ವರ್ಷದಿಂದ ಅಲ್ಲೇ ದುಡಿದವಳು ಗಿರಾಕಿಯ ಹಾಗೆ ಬಾಗಿಲಲ್ಲಿ ನಿಲ್ಲಬೇಕು!

ಶಿರಸಿಯಿಂದ ಕಾಳುಮೆಣಸು, ಏಲಕ್ಕಿ ಕಳಿಸುತ್ತಿದ್ದ ಕಂಪನಿ ಅದು. ವೆನಿಲ್ಲಾಕ್ಕೆ ಬಂಗಾರದ ಕಾಲ ಬಂದ ಮೇಲೆ ಜರ್ಮನಿಯ ಖರೀದಿದಾರನೂ ಸಿಕ್ಕಿದ್ದ. ಕಾನಸೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ರೋಹಿಣಿ ಬಿಲ್ ಬರೆಯಲು ಸೇರಿದವಳು, ಕಂಪ್ಯೂಟರನ್ನು ತಾನೇ ಓದಿ, ಕೆಡಿಸಿ, ಸರಿಮಾಡಿ ಕಲಿತಿದ್ದಳು. ಕಂಪನಿಯ ನೇಮ್ ಸರ್ವರ್ ಅವಳದೇ ಕೂಸು. ಹೊರಗಿನವರು ಹೆಸರು ಹೇಳಿ ಕೇಳಿದರೆ ಅದು ಆ ಕಂಪ್ಯೂಟರ್ ಯಂತ್ರದ ನಂಬರ್ ಕೊಡಬೇಕು. ನಂಬರ್ ಹೇಳಿ ಕೇಳಿದರೆ ಹೆಸರು ಕೊಡಬೇಕು. ಎರಡಕ್ಕೂ ಬೇರೆ ಬೇರೆ ಫೈಲು. ಎರಡನೆಯದಕ್ಕೆ ಅವಳು ‘ಉಲ್ಟಾ ಫೈಲು’ ಎನ್ನುತ್ತಿದ್ದಳು. ಯಂತ್ರಗಳಿಗೆ ಸುತ್ತಲಿನ ಊರುಗಳ ಹೆಸರಿಟ್ಟವಳೂ ಅವಳೇ: ಕಾನಸೂರು, ನಿಲ್ಕುಂದ, ಕೋಲಸಿರ್ಸಿ.

ಕಾರ್ತಿಕ ಬಂದವನೇ ಮೇಲ್‌ಗೆ ಹೊಸ ಯಂತ್ರ ತರಿಸಿದ. “ಹೆಸರು ಅವನೇ ಇಡಲಿ” ಅಂದರು ಹೆಗಡೆಯವರು. ಅವನು ಫೀನಿಕ್ಸ್ ಅಂತ ಇಟ್ಟ. ರೋಹಿಣಿ ಹಲ್ಲು ಕಚ್ಚಿಕೊಂಡು ಮೊದಲನೇ ಫೈಲಿಗೆ ಫೀನಿಕ್ಸನ್ನು ಸೇರಿಸಿದಳು. ಉಲ್ಟಾ ಫೈಲು ತೆರೆದಳು, ನೋಡಿದಳು, ಹಾಗೇ ಮುಚ್ಚಿದಳು. ಇರಲಿ ಹೆಸರಿಲ್ಲದೆ, ಯಾರು ಕೇಳುತ್ತಾರೆ?

ಎರಡು ತಿಂಗಳು ಯಾರೂ ಕೇಳಲಿಲ್ಲ. ಆಮೇಲೆ ಒಂದು ಸೋಮವಾರ ಜರ್ಮನಿಯ ಸರ್ವರ್ ಕೇಳಿತು. ಹೆಸರು ಹೇಳಲಾಗದ ನಂಬರಿನಿಂದ ಬಂದ ಮೇಲನ್ನು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ ಎಂದು ತಿರುಗಿ ಎಸೆಯಿತು. ವೆನಿಲ್ಲಾದ ಕಾಗದಪತ್ರವೆಲ್ಲ ಅದೇ ಮೇಲ್‌ನಲ್ಲಿತ್ತು.

“ಎಂತದಾ ಮಾಣಿ, ಮೇಲ್ ಹೋತನಾ?” ಹೆಗಡೆಯವರು ಕೂಗಿ ಕೇಳಿದರು.

“ಇಲ್ಲೆ ಮಾವಾ, ನೋಡ್ತಾ ಇದ್ದಿ.”

ಕಾರ್ತಿಕ ರೋಹಿಣಿಯ ಮೇಜಿಗೆ ಬಂದ. “ಉಲ್ಟಾ ಫೈಲಲ್ಲಿ ಫೀನಿಕ್ಸ್ ಹಾಕಿದ್ದೀರಾ?”

“ಹಾಕದೇ ಇರ್ತೀನಾ? ಅದೆ ಮಾರಾಯ್ರೇ.”

ಅವನು ಬೆನ್ನು ತಿರುಗಿಸಿದ್ದೇ ತಡ, ಅವಳ ಬೆರಳು ಓಡಿತು. ಸಾಲು ಸೇರಿತು, ಸರ್ವರ್ ಹೊಸ ಫೈಲು ಓದಿತು. ಅವನು ತನ್ನ ಕಂಪ್ಯೂಟರಿನಿಂದ ಕೇಳಿದಾಗ ಫೀನಿಕ್ಸ್ ಎಂದು ಸರಿಯಾದ ಉತ್ತರವೇ ಬಂತು. ಹುಬ್ಬಳ್ಳಿಯ ಸ್ನೇಹಿತನಿಗೆ ಮತ್ತೆ ಫೋನ್ ಮಾಡಿ ಅಲ್ಲಿಂದ ಕೇಳಿಸಿದ. “ಇಲ್ಲಿಗೆ ಏನೂ ಕಾಣಂಗಿಲ್ಲಪಾ,” ಅಂದ ಅವನು. ಆಫೀಸಿನಲ್ಲಿ ಕಾಣುವ ಹೆಸರು ಹುಬ್ಬಳ್ಳಿಗೆ ಕಾಣುತ್ತಿಲ್ಲ. ಕಾರ್ತಿಕ ತಲೆ ಕೆರೆದುಕೊಂಡ.

ರೋಹಿಣಿಗೆ ಗುಟ್ಟು ಗೊತ್ತಿತ್ತು. ಅವಳು ಸಾಲು ಸೇರಿಸುವ ಮೊದಲೇ, ಬೆಳಿಗ್ಗೆಯಿಂದ ಅವನು ಹುಬ್ಬಳ್ಳಿಯವನಿಂದ ಅದನ್ನೇ ಕೇಳಿಸುತ್ತಿದ್ದ. ಒಮ್ಮೆ ‘ಇಲ್ಲ’ ಎಂದು ಸಿಕ್ಕ ಉತ್ತರವನ್ನೂ ಹೊರಗಿನ ಸರ್ವರುಗಳು ಕೆಲವು ತಾಸು ನೆನಪಿಟ್ಟುಕೊಂಡು, ಮತ್ತೆ ಬಂದು ವಿಚಾರಿಸದೆ ಅದನ್ನೇ ಹೇಳುತ್ತಿರುತ್ತವೆ. ಜರ್ಮನಿಯಲ್ಲೂ ಅದೇ ಕತೆ. ಸುಮ್ಮನೆ ಕಾಯಬೇಕು, ಅಷ್ಟೆ. ಅವಳು ಹೇಳಲಿಲ್ಲ. ಅವನು ಬೆವರುವುದನ್ನು ನೋಡುತ್ತ ಕೂತಳು.

ಮೆಣಸು ಹಸನು ಮಾಡುವ ತಿಮ್ಮಿ ನೀರು ಕುಡಿಯಲು ಬಂದವಳು ಅವಳನ್ನೇ ದಿಟ್ಟಿಸಿದಳು. “ಏನೇ ರೋಹಿಣಿ, ಕದ್ದು ಹಾಲು ಕುಡಿದ ಬೆಕ್ಕಿನಂಗೆ ಕೂತೀಯಲ್ಲ?”

“ನೀರು ಕುಡ್ದು ಹೋಗೇ ನಿನ್ನ ಕೆಲಸಕ್ಕೆ.”

ಮಧ್ಯಾಹ್ನ ಕಾರ್ತಿಕ ಕೇಬಲ್ ಬದಲಿಸಿದ. ಏನೋ ಅಳಿಸಿದ, ಏನೋ ಸೇರಿಸಿದ. ಕಡೆಗೆ ಫೀನಿಕ್ಸನ್ನೇ ಆರಿಸಿ ಹೊತ್ತಿಸಿ ಮೇಲ್ ಕಳಿಸಿದ. ಹೋಯಿತು! ಹೊರಗಿನ ‘ಇಲ್ಲ’ಗಳ ಅವಧಿ ಸರಿಯಾಗಿ ಆಗಲೇ ಮುಗಿಯಬೇಕೆ!

“ಹೋತು ಮಾವಾ!”

ಹೆಗಡೆಯವರು ಅವನ ಬೆನ್ನು ಚಪ್ಪರಿಸಿದ ಸದ್ದು ಗೋದಾಮಿನವರೆಗೂ ಕೇಳಿತು. “ಭೇಷ್! ಎಂತ ಮಾಡಿದ್ಯಾ?”

“ಖರೇ ಅಂದ್ರೆ ಗೊತ್ತಿಲ್ಲೆ, ರೀಸ್ಟಾರ್ಟ್ ಮಾಡ್ದಿ ಅಷ್ಟೇ.”

“ನೋಡು, ಜಂಬ ಇಲ್ಲೆ ಮಾಣಿಗೆ!” ಎಂದವರು ರೋಹಿಣಿಯ ಕಡೆ ತಿರುಗಿ ಭಾಷೆ ಬದಲಿಸಿದರು. “ಇನ್ನು ಆ ನೇಮ್ ಸರ್ವರನ್ನೂ ಕಾರ್ತಿಕನೇ ನೋಡಿಕೊಳ್ಳಲಿ. ನಿಂಗೂ ಹಗುರ ಆಗ್ತದೆ, ಅಲ್ವೇನಮ್ಮ?”

ರೋಹಿಣಿ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಸರ್ವರ್ ಹೋಗುತ್ತದೆ. ಬಾಯಿ ಬಿಟ್ಟರೂ ಹೋಗುತ್ತದೆ. ಆದರೆ ಸುಮ್ಮನಿದ್ದರೆ ಆ ಶಾಭಾಸ್‌ಗಿರಿ ಅವನ ಬೆನ್ನ ಮೇಲೆ ಉಳಿದುಬಿಡುತ್ತದಲ್ಲ! ಅದನ್ನು ಮಾತ್ರ ತಡೆಯಲಾಗಲಿಲ್ಲ.

“ರೀಸ್ಟಾರ್ಟಿಂದ ಆಗಿದ್ದಲ್ಲ. ಫೀನಿಕ್ಸ್ ಹೆಸರು ಉಲ್ಟಾ ಫೈಲಲ್ಲಿ ಇರಲೇ ಇಲ್ಲ. ಬೆಳಿಗ್ಗೆ ನಾನು ಹಾಕಿದ್ದು, ಹೊರಗೆ ಈಗ ಕಂಡದೆ. ಸರಿ ಮಾಡಿದವಳು ನಾನು.”

ಹೆಗಡೆಯವರ ಕೈ ಕಾರ್ತಿಕನ ಬೆನ್ನಿನಿಂದ ಜಾರಿತು. ಅವನ ಮುಖ ಬಾಡಿತು. ರೋಹಿಣಿ ಆ ಮುಖವನ್ನು ಕಣ್ತುಂಬ ನೋಡಿದಳು.

“ಅಷ್ಟು ದಿನ ಯಾಕೆ ಹಾಕಿರಲಿಲ್ಲ?” ಹೆಗಡೆಯವರ ದನಿ ತಣ್ಣಗಿತ್ತು.

“ಮರ್ತಿಕ್ಕು ಮಾವಾ, ಯಾರಿಗಾದ್ರೂ ಆಗ್ತು,” ಎಂದ ಕಾರ್ತಿಕ ಮೆಲ್ಲಗೆ.

ಬಾಗಿಲು ತೆರೆದೇ ಕೊಟ್ಟಿದ್ದ. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಕೊಟ್ಟ ಕ್ಷಮೆಯನ್ನು ಕೈಚಾಚಿ ತೆಗೆದುಕೊಳ್ಳುವುದೇ? ಅದೂ ಅವನದೇ ಉಪಕಾರವಾಗಿ ಉಳಿಯಬೇಕೇ?

“ಮರೆತಿಲ್ಲ,” ಎಂದಳು. “ಬೇಕೂಂತಲೇ ಬಿಟ್ಟಿದ್ದೆ.”

ಹೆಗಡೆಯವರು “ಬಿಲ್ಲಿನ ಮೇಜಿಗೆ ಹೋಗು,” ಅಂದರು. ಈ ಸಲ ‘ಅಮ್ಮ’ ಇರಲಿಲ್ಲ.

ಅವಳು ಎದ್ದು ಹೋಗಿ ಕಿಟಕಿಯ ಹತ್ತಿರದ ಹಳೇ ಮೇಜಿಗೆ ಕೂತಳು. ಕಾರ್ತಿಕ ಅವಳ ಕುರ್ಚಿಯಲ್ಲಿ ಕೂತು ಅವಳ ಫೈಲು ತೆರೆದ. ಅವನಿಗೆ ತಿಳಿಯದು, ಈಗ ಕೇಳಲು ಬಂದೇ ಬರುತ್ತಾನೆ, ಬಂದರೂ ಹೇಳಬಾರದು ಎಂದುಕೊಂಡು ಅವಳು ಕಾದಳು.

ಕೀಬೋರ್ಡಿನ ಸದ್ದು ಶುರುವಾಯಿತು. ಎಲ್ಲಾದರೂ ತಡವರಿಸುತ್ತದೆಯೇ ಎಂದು ರೋಹಿಣಿ ಕಿವಿಗೊಟ್ಟು ಕೂತಳು. ತಡವರಿಸಲಿಲ್ಲ.