ಡೆಲ್ಲಾಳ ಅಳತೆಯ ಪಿಸ್ತೂಲು

1

ಎಲ್ಲಿಂದ ಶುರು ಮಾಡಲಿ? ಪಿಸ್ತೂಲಿನಿಂದ ಶುರು ಮಾಡಿದರೆ ನೀವು ಕೊಲೆಗಾಗಿ ಕಾಯುತ್ತ ಕೂರುತ್ತೀರಿ. ಕೈಯಿಂದ ಶುರು ಮಾಡಿದರೆ ಪ್ರೇಮಕಥೆ ಅಂದುಕೊಳ್ಳುತ್ತೀರಿ. ಎರಡೂ ಅಲ್ಲ ಸ್ವಾಮಿ. ಅಮೆರಿಕದ ವಯೋಮಿಂಗಿನ ಟೆನ್‌ಮೈಲ್ ಊರಿನ ಹಾರ್ಡ್‌ವೇರ್ ಅಂಗಡಿಗೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ದೊಡ್ಡ ಕೈಯ ಹೆಂಗಸೊಬ್ಬಳು ತನ್ನ ಮೊದಲ ಪಿಸ್ತೂಲು ಕೊಳ್ಳಲು ಬಂದಳು. ಅಷ್ಟೇ ಕಥೆ. (ಅಷ್ಟೇ ಆಗಿದ್ದರೆ ಬರೆಯುತ್ತಲೇ ಇರಲಿಲ್ಲ ಬಿಡಿ.)

ನಾನು ಆ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಮೊಳೆ, ಮೀನಿನ ಗಾಳ, ಎರೆಹುಳು ಮಾರುತ್ತಿದ್ದೇನೆ. ಬಂದೂಕಿನ ಕೌಂಟರು ಆರು ಹೆಜ್ಜೆ ದೂರ. ಕಿವಿ ಚೆನ್ನಾಗಿದೆ.

2

ಮೊದಲ ಕರಡಿನಲ್ಲಿ ಆಕೆಯನ್ನು ಗಂಡಸು ಮಾಡಿದ್ದೆ. ಆರೂವರೆ ಅಡಿಯ ಲಾರಿ ಡ್ರೈವರು, ಕೆಂಪು ಗಡ್ಡ. ಓದುಗರಿಗೆ ಸುಲಭವಾಗಲಿ ಅಂತ. ನಾಲ್ಕು ಪುಟ ಆದ ಮೇಲೆ ಅವಳಿಗೇ ತೋರಿಸಿದೆ.

"ಯಾರಿದು?"

"ನೀನೇ."

"ನಂಗೆ ಗಡ್ಡ ಯಾವಾಗ ಬಂತೋ? ಗಂಡಸಿನ ಕೈ ದೊಡ್ಡದಿದ್ರೆ ಅದೇನು ಕತೆ, ಮಾರಾಯ! ಅವನಿಗೆ ಯಾರಾದ್ರೂ ಚಿಕ್ಕದು ಕೊಡ್ತಾರಾ?"

ಹೌದಲ್ಲ. ನಾಲ್ಕೂ ಪುಟ ಒಲೆಗೆ ಹಾಕಿದೆ.

ಹಾಗಾದರೆ ಇವಳು ಡೆಲ್ಲಾ ಹಾಗನ್. ಮೂವತ್ತೊಂದು ವರ್ಷ. ಬೇಟೆಗೆ ಬರುವವರನ್ನು, ಅವರ ಡೇರೆ ತಟ್ಟುಮುಟ್ಟುಗಳನ್ನು ಹೇಸರಗತ್ತೆಗಳ ಮೇಲೆ ಬೆಟ್ಟಕ್ಕೆ ಕರೆದೊಯ್ಯುವ ಕೆಲಸ. ಅವಳ ಅಂಗೈಯನ್ನು ಊಟದ ತಟ್ಟೆಗೆ ಹೋಲಿಸಿದ್ದೆ. "ನನ್ನ ಕೈನ ಪಾತ್ರೆ ಸಾಮಾನು ಮಾಡ್ಬೇಡ" ಎಂದು ಅದನ್ನೂ ಹೊಡೆದುಹಾಕಿಸಿದಳು. ಆಗಲಿ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ನಮ್ಮಂಗಡಿಯ ಗಂಡಸರ ಕೈಗವಸುಗಳಲ್ಲಿ ಅತಿ ದೊಡ್ಡದೂ ಅವಳಿಗೆ ಬಿಗಿ. ಹಿಮ ಕಟ್ಟಿದ ಹಗ್ಗವನ್ನು ಬರಿಗೈಯಲ್ಲಿ ಬಿಚ್ಚಿ ಮತ್ತೆ ಬಿಗಿಯುವುದನ್ನು ನಾನು ಕಂಡಿದ್ದೇನೆ, ಎರಡು ನಿಮಿಷವೂ ಹಿಡಿಯಲಿಲ್ಲ. ಆ ಕೈ ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳಿಗೋ ನಾಚಿಕೆ, ಮಾತಾಡುವಾಗ ಕೈಗಳು ಸದಾ ಕೋಟಿನ ಜೇಬಿನಲ್ಲಿ.

3

ಕೌಂಟರಿನಲ್ಲಿ ಡ್ವೇನ್ ಇದ್ದ. ಒಳ್ಳೆಯವನೇ, ಪಾಪ. ಹೆಂಗಸು ಬಂದಳೆಂದರೆ ಸಾಕು, ಅವನ ಕೈ ತಾನಾಗಿಯೇ ಕೆಳಗಿನ ಸಾಲಿನ ಪುಟಾಣಿ ಪಿಸ್ತೂಲುಗಳ ಕಡೆ ಹೋಗುತ್ತದೆ.

"ಇದು ನಿಮಗೆ ಸರಿಯಾಗತ್ತೆ ಮೇಡಂ. ಹಗುರ. ನೋಡಿ, ನೇರಳೆ ಬಣ್ಣದಲ್ಲೂ ಇದೆ."

ಡೆಲ್ಲಾ ಜೇಬಿನಿಂದ ಬಲಗೈ ತೆಗೆದಳು. ಮುಷ್ಟಿಯೊಳಗೆ ಪಿಸ್ತೂಲು ಮಾಯವಾಯಿತು. ಕೊನೆಯ ಎರಡು ಬೆರಳು ಹಿಡಿಯ ಕೆಳಗೆ ಗಾಳಿಯಲ್ಲಿ ನೇತಾಡುತ್ತಿದ್ದವು.

"ಇಂಥದ್ದೇ ಇತ್ತು, ಹೋದ ಸಲ" ಎಂದಳು. ಅದನ್ನು ಕೌಂಟರಿನ ಮೇಲೆ ವಾಪಸಿಟ್ಟಳು.

ಇಲ್ಲಿ ಹಿಂದಕ್ಕೆ ಹೋಗಲೇಬೇಕು. (ಇಂಥ ಕಡೆ ಹಿಂದಕ್ಕೆ ಹೋಗುವ ಕಥೆಗಾರರನ್ನು ಕಂಡರೆ ನನಗಾಗದು. ನನಗೂ ಬೇರೆ ದಾರಿಯಿಲ್ಲ.) ಹೋದ ಸೆಪ್ಟೆಂಬರಿನಲ್ಲಿ ಬಿಸ್ಕಿಟ್ ಎಂಬ ಹೇಸರಗತ್ತೆ ಬೆಟ್ಟದ ಜಲ್ಲಿ ಇಳಿಜಾರಿನಲ್ಲಿ ಜಾರಿ ಕಾಲು ಮುರಿದುಕೊಂಡಿತು. ಅಲ್ಲಿಗೆ ಯಾವ ಡಾಕ್ಟರೂ ಬರುವುದಿಲ್ಲ. ಹೇಸರಗತ್ತೆಗಳ ಮಾಲೀಕ ಕ್ಲೈಡ್ ಕೊಟ್ಟಿದ್ದ ಚಿಕ್ಕ ಪಿಸ್ತೂಲಿನಿಂದ ಒಂದೇ ಗುಂಡಿಗೆ ಅದರ ನೋವು ಮುಗಿಸಬೇಕಿತ್ತು. ಮೂರು ಬೇಕಾದವು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಿಸ್ಕಿಟ್ ಅವಳನ್ನೇ ನೋಡುತ್ತಿತ್ತಂತೆ. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಈ ವರ್ಷ ಕ್ಲೈಡ್ ಖಡಾಖಂಡಿತವಾಗಿ ಹೇಳಿದ್ದಾನೆ: ಸ್ವಂತ ಪಿಸ್ತೂಲು ಇಟ್ಟುಕೊಂಡು ನೆಟ್ಟಗೆ ಹೊಡೆದು ತೋರಿಸಿದರೆ ಬೆಟ್ಟ, ಇಲ್ಲವಾದರೆ ಅಡುಗೆಮನೆ ಕೆಲಸ. ಡೆಲ್ಲಾಗೆ ಬೆಟ್ಟ ಬಿಟ್ಟು ಬದುಕಿಲ್ಲ.

3 (ಮತ್ತೆ. ನಾಲ್ಕಕ್ಕೆ ಹೋಗಲು ವರ್ನಾ ಬಿಡುತ್ತಿಲ್ಲ.)

"ಆ ಆಟದ ಸಾಮಾನು ಒಳಗಿಡೋ ಡ್ವೇನ್" ಎನ್ನುತ್ತ ವರ್ನಾ ಸ್ಟೋಕ್ಸ್ ಹಿಂದಿನ ಕೋಣೆಯಿಂದ ಬಂದಳು. ಎಪ್ಪತ್ತೆರಡು ವರ್ಷ, ಸರಪಳಿಯಲ್ಲಿ ನೇತಾಡುವ ಕನ್ನಡಕ, ಅಂಗಡಿಯಲ್ಲೇ ಅತಿ ಚಿಕ್ಕ ಕೈ. ನಲವತ್ತು ವರ್ಷದಿಂದ ಆ ಕೌಂಟರು ಅವಳದೇ. ಒಳ್ಳೆಯ ಚಪ್ಪಲಿ ಹೊಲಿಯುವವರು ಮುಖ ನೋಡುವ ಮೊದಲು ಕಾಲು ನೋಡುವಂತೆ ಅವಳು ಕೈ ನೋಡುತ್ತಾಳೆ. ಅವಳ ಕೆಲಸ ನೋಡಲಿಕ್ಕೆಂದೇ ನಾನು ಎಷ್ಟೋ ಸಲ ಎರೆಹುಳುವಿನ ಗಿರಾಕಿಗಳನ್ನು ಕಾಯಿಸಿದ್ದೇನೆ.

"ಕೈ ಕೊಡು ಚಿನ್ನ."

ಡೆಲ್ಲಾ ಕೊಡಲಿಲ್ಲ. "ದೊಡ್ಡದು" ಎಂದಳು.

"ನಂಗೇನು ಕಣ್ಣಿಲ್ವಾ? ಎಂಥ ಚಂದದ ಕೈ ಇಟ್ಕೊಂಡು ಕಳ್ಳೀ ಥರ ಬಚ್ಚಿಡ್ತೀಯಲ್ಲೇ!"

ಕೈ ಬಂತು. ಹೆಬ್ಬೆರಳು ತೋರುಬೆರಳ ನಡುವಿನ ಸಂದಿನಲ್ಲಿ ಎರಡು ಬಿಳಿ ಗೀರು. ವರ್ನಾ ಅವನ್ನು ಬೆರಳಿನಿಂದ ಸವರಿದಳು.

"ಇದು ಕಚ್ಚಿದ ಗುರುತು. ಗುಂಡು ಹಾರಿದಾಗ ಪಿಸ್ತೂಲಿನ ಮೇಲಿನ ಭಾಗ ಹಿಂದಕ್ಕೆ ಬಂದು ಕಚ್ತು, ಅಲ್ವಾ? ಹಿಡಿ ಗಿಡ್ಡ, ಕೈ ಮೇಲಕ್ಕೆ ಹತ್ತಿ ಕೂತಿತ್ತು. ಬೆರಳೋ, ತುದಿ ಬದಲು ಎರಡನೇ ಗೆಣ್ಣು ಟ್ರಿಗರ್ ಮೇಲೆ ಬಂದಿರತ್ತೆ. ಎಳೆದಾಗೆಲ್ಲ ಗುಂಡು ಪಕ್ಕಕ್ಕೆ ಹೋಗತ್ತೆ."

"ಚಿಕ್ಕದು ಅಂದ್ರೆ ಮೆತ್ತಗಿರತ್ತೆ ಅಂದಿದ್ರು."

"ಉಲ್ಟಾ. ಹಗುರ ಇದ್ದಷ್ಟೂ ಒದೆಯೋದು ಜಾಸ್ತಿ."

ಆಮೇಲೆ ಒಂದೊಂದಾಗಿ ಹೊರತೆಗೆದಳು. ಪ್ರತಿ ಸಲವೂ ಪಿಸ್ತೂಲಿನ ಮೂತಿ ಗೋಡೆಯ ಕಡೆ, ಒಳಗೆ ಗುಂಡಿಲ್ಲವೆಂದು ತಾನು ನೋಡುವುದು, ಪಿಸ್ತೂಲಿನ ಬಾಯಿ ತೆರೆದಿಟ್ಟೇ ಡೆಲ್ಲಾಗೆ ಕೊಡುವುದು, ಡೆಲ್ಲಾ ಮತ್ತೆ ನೋಡುವುದು. ಖಾಲಿ ಜಾಗವನ್ನು ಇಬ್ಬರೂ ನೋಡದೆ ಮಾತು ಮುಂದಕ್ಕೆ ಹೋಗುವುದಿಲ್ಲ. (ಈ ಕಥೆಯ ಕರಡನ್ನು ನಾನು ಅಷ್ಟು ಜಾಗ್ರತೆಯಿಂದ ನೋಡಿದ್ದರೆ ಎಂದೋ ದೊಡ್ಡ ಲೇಖಕನಾಗುತ್ತಿದ್ದೆ.)

"ಕಿರುಬೆರಳಿಗೆ ಜಾಗ ಇದೆಯಾ? ಇಲ್ಲ? ಬೇಡ ಬಿಡು. ಇದು? ಬೆರಳು ಮಡಚಿಕೊಳ್ತಿದೆ, ಬೇಡ."

ಏಳನೆಯದರ ಹಿಡಿಯ ಬೆನ್ನಿಗೆ ಬದಲಿಸಿ ಸಿಕ್ಕಿಸಲು ಮೂರು ಅಳತೆಯ ತುಂಡುಗಳಿದ್ದವು. ಅತಿ ದೊಡ್ಡದನ್ನು ಪ್ಲಾಸ್ಟಿಕ್ ಚೀಲದಿಂದ ಯಾರೂ ಎಂದೂ ತೆಗೆದಿರಲಿಲ್ಲ. ವರ್ನಾ ಹಲ್ಲಿನಿಂದ ಹರಿದು ಸಿಕ್ಕಿಸಿದಳು.

"ಕಣ್ಣು ಮುಚ್ಚು. ಗೋಡೆಯ ಆ ಕಪ್ಪು ಚುಕ್ಕೆ ಕಡೆ ಎತ್ತು. ಈಗ ಕಣ್ಣು ಬಿಡು."

ಡೆಲ್ಲಾ ಕಣ್ಣು ಬಿಟ್ಟಳು. ಗುರಿ ಚುಕ್ಕೆಯ ಮೇಲೇ ಕೂತಿತ್ತು. ಐದೂ ಬೆರಳಿಗೆ ಜಾಗವಿತ್ತು. ಆ ಕೈ ಅಷ್ಟು ನಿರಾಳವಾಗಿ ಇದ್ದದ್ದನ್ನು ನಾನು ಮೊದಲ ಸಲ ಕಂಡೆ. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಡ್ವೇನ್ ನಿಜಕ್ಕೂ ತಟ್ಟಿಬಿಟ್ಟ.

5

(ನಾಲ್ಕರಲ್ಲಿ ಕಾಗದಪತ್ರ, ಗಿರಾಕಿಯ ಮೇಲೆ ಕೇಸೇನೂ ಇಲ್ಲವೆಂದು ಫೋನಿನಲ್ಲಿ ಮಾಡುವ ತಪಾಸಣೆ ಇತ್ತು. ನಿಮ್ಮ ಮೇಲಿನ ಕನಿಕರದಿಂದ ತೆಗೆದುಹಾಕಿದೆ.)

ಮಧ್ಯಾಹ್ನ ಊರಾಚೆಯ ಹಳೆಯ ಜಲ್ಲಿ ಗಣಿಗೆ ವರ್ನಾ, ಡೆಲ್ಲಾ, ನಾನು ಮೂವರೂ ಹೋದೆವು. ಎರೆಹುಳು ಎಲ್ಲಿಗೆ ಓಡಿಹೋಗುತ್ತವೆ? ಡೆಲ್ಲಾ ಐದು ಗುಂಡು ಹಾರಿಸಿದಳು. ಗುರಿಗೆ ಕಟ್ಟಿದ್ದ ಕಾಗದದಲ್ಲಿ ಐದೂ ಒಂದು ಬಿಸ್ಕತ್ತಿನಗಲದ ಜಾಗದಲ್ಲಿ ಬಿದ್ದಿದ್ದವು.

ನಾನು ಕುಣಿದಾಡಿದೆ. ಇಲ್ಲೇ ಮುಗಿಸಬೇಕೆಂದು ನನ್ನ ಪ್ಲಾನು. ಡೆಲ್ಲಾ ಪಿಸ್ತೂಲು ಖಾಲಿ ಮಾಡಿ, ಅಲ್ಲಿದ್ದ ಹಲಗೆ ಮೇಜಿನ ಮೇಲಿಟ್ಟು, ನೆಲದ ಮೇಲೆ ಕೂತು ಅಳತೊಡಗಿದಳು. ಇದು ನನ್ನ ಕರಡಿನಲ್ಲಿರಲಿಲ್ಲ.

"ಕೈದೇ ತಪ್ಪು ಅಂದ್ಕೊಂಡಿದ್ದೆ, ವರ್ನಾ. ಹಾಗಂದ್ಕೊಂಡು ಹೇಗೋ ಸಮಾಧಾನ ಮಾಡ್ಕೊಂಡಿದ್ದೆ. ಬಿಸ್ಕಿಟ್ ಅಷ್ಟು ನರಳಿದ್ದು ಬರೀ ಪಿಸ್ತೂಲಿನ ಅಳತೆ ತಪ್ಪಿದ್ದಕ್ಕಾ?"

ವರ್ನಾ ಕಷ್ಟಪಟ್ಟು ಮಂಡಿಯೂರಿ ಅವಳ ಪಕ್ಕ ಕೂತಳು.

"ಆ ಪಿಸ್ತೂಲು ಕ್ಲೈಡ್‌ಗೆ ಮಾರಿದ್ದು ನಾನೇ. ನಮ್ಮಲ್ಲಿ ಹೆಂಗಸೊಬ್ಬಳು ಗೈಡ್ ಇದ್ದಾಳೆ, ಅವಳಿಗೆ ಅಂದ. ಅವಳ ಕೈ ಹೆಂಗಿದೆ ಅಂತ ಕೇಳಲೇ ಇಲ್ಲ ನಾನು. ಹೆಂಗಸು ಅಂದ ತಕ್ಷಣ ಕೆಳಗಿನ ಸಾಲಿಗೆ ಬಗ್ಗಿದೆ. ಡ್ವೇನ್‌ಗೆ ಅದನ್ನ ಕಲಿಸಿದ್ದು ಯಾರು ಅಂದ್ಕೊಂಡೆ?"

ಡೆಲ್ಲಾ ತನ್ನ ದೊಡ್ಡ ಕೈಯನ್ನು ವರ್ನಾಳ ಮಂಡಿಯ ಮೇಲಿಟ್ಟಳು.

6

ಈಗ ಮುಗಿಸುವುದು ಹೇಗೆ? ವರ್ನಾ ಕೆಲಸ ಬಿಟ್ಟಳು ಅಂತ ಬರೆದೆ. "ಹುಚ್ಚಾ ನಿಂಗೆ? ಇನ್ಮೇಲೆ ಸರಿಯಾಗಿ ಮಾರ್ಬೇಕು" ಎಂದು ಬೈದಳು. ಡೆಲ್ಲಾ ಕ್ಷಮಿಸಿದಳು ಅಂತ ಬರೆದೆ. "ಅದು ನಂಗೇ ಇನ್ನೂ ಗೊತ್ತಿಲ್ಲ, ನೀನ್ಯಾರು ಬರೆಯೋಕೆ?" ಎಂದಳು. ಬೆಟ್ಟದಲ್ಲಿ ಇನ್ನೊಂದು ಹೇಸರಗತ್ತೆ ಬಿದ್ದು, ಈ ಸಲ ಒಂದೇ ಗುಂಡಿಗೆ ಅದರ ನೋವು ಮುಗಿದಂತೆ ಒಂದು ಮುಕ್ತಾಯ ಬರೆದಿಟ್ಟಿದ್ದೆ. ಅಚ್ಚುಕಟ್ಟಾಗಿತ್ತು, ನೀವೂ ಮೆಚ್ಚುತ್ತಿದ್ದಿರಿ.

ಕ್ಲೈಡ್ ಗಣಿಯಲ್ಲಿ ಅವಳ ಗುರಿ ನೋಡಿ ಒಪ್ಪಿಕೊಂಡ. ಮೊನ್ನೆ ಸೋಮವಾರ ಡೆಲ್ಲಾ ಒಂಬತ್ತು ಹೇಸರಗತ್ತೆಗಳ ಜೊತೆ ಬೆಟ್ಟ ಹತ್ತಿದಳು. ಹೊರಡುವಾಗ ಅಂಗಡಿ ಮುಂದೆ ನಿಂತು ಕೈ ಬೀಸಿದಳು, ಜೇಬಿನಿಂದ ಹೊರಗೆ ತೆಗೆದು. ಆ ಮುಕ್ತಾಯದ ಪುಟ ನನ್ನ ಮುಂದಿದೆ. ಅದನ್ನು ಇಲ್ಲಿ ಸೇರಿಸಬೇಕಾದರೆ ಒಂಬತ್ತರಲ್ಲಿ ಒಂದನ್ನು ನಾನು ಬೀಳಿಸಬೇಕು. ಬೀಳಿಸುವುದಿಲ್ಲ. ಒಂಬತ್ತೂ ನಡೆಯುತ್ತಿವೆ