ಮೆಲಿತೋನನ ಗೋಲು

ನನ್ನ ದೊಡ್ಡಣ್ಣ ಮೆಲಿತೋನ್ ಹುಟ್ಟಿದ ಮೇಲೆ ಒಂದೇ ಒಂದು ಗೋಲು ಹೊಡೆದವನಲ್ಲ. ಚರ್ಚಿನ ಎದುರಿನ ಚೌಕದಲ್ಲಿ ಹುಡುಗರು ಬರಿಗಾಲಲ್ಲಿ ಆಡುವಾಗ ಚಪ್ಪಲಿ ಕಾಯಲು ಇವನನ್ನು ಕೂರಿಸುತ್ತಿದ್ದರು. ಆದರೆ ಈಗ ನಮ್ಮೂರು ಸಾಂತಾ ಮೋನಿಕಾದ ಪುರಸಭೆಗೆ ಹೋಗಿ ನೋಡಿ, ಬಾಗಿಲ ಪಕ್ಕದ ಕಂಚಿನ ಫಲಕದಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ಊರಿನ ಆಟಗಾರರ ಸಾಲಿನಲ್ಲಿ ಮೂರನೆಯ ಹೆಸರು ಅವನದು: ಮೆಲಿತೋನ್ ಪರೆನ್ಯೊ. ಆ ತಪ್ಪು ತಿದ್ದುವುದಕ್ಕೆ ನನ್ನ ಒಂದು ಮಾತು ಸಾಕಿತ್ತು. ಮೂವತ್ತೆಂಟು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದ ನಾನು ಆ ಮಾತು ಹೇಳಲಿಲ್ಲ.

ಆಟಗಾರ ಇದ್ದದ್ದು ನನ್ನ ಚಿಕ್ಕಣ್ಣ ಲಿಯಾಂದ್ರೊ. ನಮ್ಮದು ಊರಿಂದ ಎರಡು ಗಂಟೆ ದಾರಿಯ ಮೀನುಗಾರರ ಕೇರಿ. ಅಲ್ಲಿಂದ ಭಾನುವಾರ ಭಾನುವಾರ ಚೌಕಕ್ಕೆ ನಡೆದುಬಂದು ಆಡಿ, ಮತ್ತೆ ನಡೆದು ಮನೆ ಸೇರುತ್ತಿದ್ದ. ಎಡಗಾಲಲ್ಲಿ ಚೆಂಡು ಹಿಡಿದನೆಂದರೆ ಮುಗಿಯಿತು, ಪಾದ್ರಿಗಳು ಕೂಡ ಗಂಟೆ ಬಾರಿಸುವುದನ್ನು ಮರೆತು ನಿಲ್ಲುತ್ತಿದ್ದರು. ಆಗ ಮನಿಲಾದ ದೊಡ್ಡ ತಂಡಗಳೆಂದರೆ ಸೈನ್ಯದವು, ಬ್ಯಾಂಕಿನವು, ಕಂಪನಿಗಳವು. ಆಡುವವರು ಮಾತ್ರ ಹೆಚ್ಚಾಗಿ ನಮ್ಮ ಕಡೆಯ ಹುಡುಗರು. ಸೈನ್ಯದ ತಂಡದ ಸಾರ್ಜೆಂಟ್ ವರ್ಷಕ್ಕೊಮ್ಮೆ ಬಂದು ಚೌಕದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಸಂತೆಯಲ್ಲಿ ಮೀನು ಆರಿಸುವ ಹಾಗೆ ಹುಡುಗರನ್ನು ಆರಿಸುತ್ತಿದ್ದ. ಆರಿಸಿದವನಿಗೆ ಸಮವಸ್ತ್ರ, ಅಕ್ಕಿ, ಬೂಟು, ಎಲ್ಲ. ಕೆಲಸ ಫುಟ್‌ಬಾಲ್ ಆಡುವುದು, ಬಂದೂಕು ಕವಾಯತಿಗಷ್ಟೇ.

ಆ ವರ್ಷ ಸಾರ್ಜೆಂಟ್ ಲಿಯಾಂದ್ರೊನ ಕಡೆ ಬೆರಳು ತೋರಿಸಿದ. "ವಯಸ್ಸೆಷ್ಟು?" ಎಂದು ಕೇಳಿದ. ಹದಿನೇಳು. ಹದಿನೆಂಟಾಗದೆ ಸೈನ್ಯಕ್ಕೆ ಸೇರಿಸುವ ಹಾಗಿಲ್ಲ. ಲಿಯಾಂದ್ರೊ ಕಣ್ಣು ಮಿಟುಕಿಸದೆ "ಇಪ್ಪತ್ತು" ಎಂದ. ಸಾರ್ಜೆಂಟ್ ನಕ್ಕು, ವಯಸ್ಸಿಗೆ ಸಾಕ್ಷಿ ಬೇಕು, ನಾಳೆ ಚರ್ಚಿನ ಜ್ಞಾನಸ್ನಾನದ ಪತ್ರ ತಗೊಂಡು ಬಾ ಎಂದು ಹೇಳಿ ಎದ್ದುಹೋದ.

ಮನೆಗೆ ಬಂದವನು ಅನ್ನದ ತಟ್ಟೆ ಮುಟ್ಟಲಿಲ್ಲ. ಮೆಲಿತೋನ್ ಬಲೆ ಹೊಲಿಯುತ್ತಾ ಕೂತಿದ್ದ.

"ಏನೋ ತೋತೊ, ಮುಖ ಒಣಮೀನಾಗಿದೆ?"

"ಇನ್ನೊಂದು ವರ್ಷ ಕಾಯ್ಬೇಕು, ಮನೋಂಗ್. ಅಷ್ಟೊತ್ತಿಗೆ ನನ್ನ ಯಾರು ನೆನಪಿಟ್ಕೋತಾರೆ?"

ನಮ್ಮಲ್ಲಿ ತೋತೊ ಎಂದರೆ ಪುಟ್ಟ, ಮನೋಂಗ್ ಎಂದರೆ ಅಣ್ಣ, ಇಂದೈ ಎಂದರೆ ಪುಟ್ಟಿ; ನನ್ನನ್ನು ಮನೆಯಲ್ಲಿ ಹಾಗೇ ಕರೆಯುತ್ತಿದ್ದರು. ಅಣ್ಣನಾದವನು ಪೆಟ್ಟಿಗೆ ತೆಗೆದು ತನ್ನ ಪತ್ರವನ್ನು ತಮ್ಮನ ಮಡಿಲಿಗೆ ಎಸೆದ. "ನಂಗೆ ಇಪ್ಪತ್ತಾಗಿದೆಯಲ್ಲ, ತಗೊಂಡ್ಹೋಗು. ಕಾಗದ ತಾನೆ. ಮೀನಿಗೆ ಹೆಸರು ಬೇಕಾಗಿಲ್ಲ, ನಾನು ಇದಿಲ್ದೆ ಬದುಕ್ತೀನಿ."

ಯಾರಿಗೂ ಅದು ತಪ್ಪೆನ್ನಿಸಲಿಲ್ಲ. ಅಣ್ಣನ ಅಂಗಿ ತಮ್ಮ ಹಾಕಿಕೊಂಡ ಹಾಗೆ ಅಣ್ಣನ ಪತ್ರ ತಮ್ಮ ಒಯ್ಯುವುದು ನಮ್ಮ ಕೇರಿಯಲ್ಲಿ ನಡೆಯುತ್ತಿದ್ದದ್ದೇ. ಹಾಗೆ ಹಡಗಿಗೆ, ಗಿರಣಿಗೆ ಸೇರಿದವರು ಎಷ್ಟೋ ಜನ. ಅಮ್ಮ ದಾರಿಗೆಂದು ಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು ಕಟ್ಟಿಕೊಟ್ಟಳು. ಲಿಯಾಂದ್ರೊ ಮೆಲಿತೋನನಾಗಿ ಮನಿಲಾದ ಹಡಗು ಹತ್ತಿದ.

ಮರುವರ್ಷ ಅಂತಿಮ ಪಂದ್ಯ. ಕೇರಿಗೆಲ್ಲ ಇದ್ದ ಒಂದು ರೇಡಿಯೋದ ಸುತ್ತ ನಾವು ಮುಗಿಬಿದ್ದಿದ್ದೆವು. ಮುಗಿಯುವುದಕ್ಕೆ ನಾಲ್ಕು ನಿಮಿಷವಿದೆ ಎನ್ನುವಾಗ ಹೇಳುವವನ ಗಂಟಲು ಕಿತ್ತುಬಂತು: "ಗೋಲ್! ಮೆಲಿತೋನ್ ಪರೆನ್ಯೊ!" ಬಲೆ ಬಿಸಾಕಿ ಮೇಲೆ ಹಾರಿದವನು ಮೆಲಿತೋನನೇ. ಜನ ಅವನನ್ನು ಹೆಗಲ ಮೇಲೆ ಹೊತ್ತು ದಡದ ತುಂಬ ಮೆರೆಸಿದರು. "ನೋಡ್ರಪ್ಪಾ ಚಾಂಪಿಯನ್ನು, ಕಾಲಿಗೆ ಕೆಸರೂ ಆಗಿಲ್ಲ!" ಎಂದು ಮುದುಕರು ಛೇಡಿಸಿದರು. ಹದಿನೈದು ದಿನ ಬಿಟ್ಟು ಲಿಯಾಂದ್ರೊನ ಕಾಗದ ಬಂತು. ಅದರಲ್ಲಿ ಇದ್ದದ್ದು ಎರಡೇ ಸಾಲು. 'ಮನೋಂಗ್, ಪೇಪರಿನಲ್ಲಿ ನಿನ್ನ ಹೆಸರು ಬಂದಿದೆ. ಚೆನ್ನಾಗಿ ಆಡಿದೆ ಕಣೋ.'

ಅಷ್ಟು ನಕ್ಕಿದ್ದು ನಮ್ಮ ಮನೆಯಲ್ಲಿ ಅದೇ ಕೊನೆ.

ಆಗ ದೇಶದಲ್ಲಿ ಸೈನಿಕ ಆಳ್ವಿಕೆ, ದಕ್ಷಿಣದಲ್ಲಿ ಯುದ್ಧ. ಆಟಗಾರರನ್ನೂ ಕಳಿಸುವ ಕಾಲ ಬಂತು. ಹೋದ ಮೂರನೇ ವಾರಕ್ಕೆ ಲಿಯಾಂದ್ರೊ ಸತ್ತ. ಇವನಿಗಿನ್ನೂ ಹದಿನೆಂಟು ಎಂದು ಕಾಗದ ಹೇಳಿದ್ದರೆ ಕಳಿಸುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಮೆಲಿತೋನ್ ಮಾತ್ರ, ಕಳಿಸುತ್ತಿರಲಿಲ್ಲ ಎಂದೇ ಸಾಯುವ ತನಕ ನಂಬಿದ್ದ.

ಮಧ್ಯಾಹ್ನದ ಬಿಸಿಲಲ್ಲಿ ಮೂವರು ಸೈನಿಕರು ಬಾವುಟ ಹೊದಿಸಿದ ಪೆಟ್ಟಿಗೆಯನ್ನು ದೋಣಿಯಿಂದ ಇಳಿಸಿದರು. ಮುಚ್ಚಳಕ್ಕೆ ಮೊಳೆ ಹೊಡೆದಿತ್ತು. ಅಮ್ಮ ಓಡಿಹೋಗಿ ಅದರ ಮೇಲೆ ಬಿದ್ದು "ಲಿಯಾ..." ಎಂದಳು. ಅಪ್ಪ ಅವಳ ತೋಳನ್ನು ಹಿಂಡಿದ. ಸುಳ್ಳು ಪತ್ರ ಕೊಟ್ಟವರನ್ನು ಆ ಕಾಲದಲ್ಲಿ ಎಲ್ಲಿಗೆ ಒಯ್ದಾರೋ ಯಾರು ಬಲ್ಲರು! ಒಬ್ಬ ಮಗ ಹೋಗಿದ್ದ, ಇನ್ನೊಬ್ಬ ಒಳಗೆ ಅಡುಗೆಮನೆಯ ಬಿದಿರು ತಟ್ಟಿಯ ಹಿಂದೆ ಅವಿತು ಕೂತಿದ್ದ. ಅಮ್ಮ ಉಸಿರು ನುಂಗಿಕೊಂಡು "ಮೆಲಿತೋನ್, ನನ್ನ ಕಂದಾ, ಮೆಲಿತೋನ್" ಎಂದು ಅಳತೊಡಗಿದಳು. ಕೇರಿಯ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವಳ ಜೊತೆ ಅದೇ ಹೆಸರು ಹಿಡಿದು ಅತ್ತರು. ಶವದ ಪೆಟ್ಟಿಗೆಯ ಮೇಲೆ ಕಣ್ಣೀರು ಬೀಳಬಾರದು, ಹೋಗುವವನಿಗೆ ದಾರಿ ಕಟ್ಟುತ್ತದೆ ಎಂದು ಅವಳನ್ನು ಎಳೆದರೂ ಬಿಡಲಿಲ್ಲ. ತಟ್ಟಿಯ ಹಿಂದೆ ನಾನು ಮೆಲಿತೋನನ ಪಕ್ಕದಲ್ಲಿದ್ದೆ. ಹೆತ್ತ ತಾಯಿ ತನ್ನ ಹೆಸರು ಹೇಳಿ ಗೋಳಾಡುವುದನ್ನು ಕೇಳುತ್ತಾ ಅವನು ಬಾಯಿಗೆ ಅಂಗಿ ತುರುಕಿಕೊಂಡು ಕೂತಿದ್ದ. ನನಗಾಗ ಹದಿನಾಲ್ಕು ವರ್ಷ.

ಗೋರಿಯ ಮೇಲೆ ಮೆಲಿತೋನ್ ಎಂದು ಬರೆಸಿದರು. ಉಳಿದವನ ಕೈಗೆ ಅಮ್ಮ ಲಿಯಾಂದ್ರೊನ ಪತ್ರ ಕೊಟ್ಟಳು. ಆಮೇಲೆ ಬಾಲಯೇಸುವಿನ ಮೂರ್ತಿಯ ಪಾದದ ಮೇಲೆ ನನ್ನ ಕೈ ಇಡಿಸಿ, "ಯಾರಿಗೂ ಹೇಳ್ಬೇಡ ಇಂದೈ. ಹೇಳಿದ್ರೆ ಇವನನ್ನೂ ಕಿತ್ಕೋತಾರೆ" ಎಂದಳು. ನಾನು ಆಣೆ ಮಾಡಿದೆ.

ಸತ್ತವರ ಹಬ್ಬಕ್ಕೆ, ನವೆಂಬರ್ ಒಂದಕ್ಕೆ, ನಾವು ಗೋರಿಗಳನ್ನು ತೊಳೆದು ಸುಣ್ಣ ಬಳಿದು ಅಕ್ಷರಗಳಿಗೆ ಹೊಸದಾಗಿ ಕಪ್ಪು ಬಣ್ಣ ಹಚ್ಚುತ್ತೇವೆ. ಐವತ್ತು ವರ್ಷ ಮೆಲಿತೋನ್ ತನ್ನ ಹೆಸರಿನ ಮೇಲೆ ತಾನೇ ಕುಂಚ ಆಡಿಸಿದ. ಅಮ್ಮ ತೀರಿಕೊಂಡ ಮೇಲೆ ಪ್ರತಿ ವರ್ಷವೂ ಕುಂಚ ಎತ್ತಿ ಹಿಡಿದು ನನ್ನನ್ನು ಕೇಳುತ್ತಿದ್ದ: "ಈ ಸಲ ಅವನ ಹೆಸರು ಬರೆದುಬಿಡ್ಲಾ ಇಂದೈ?"

"ಅಮ್ಮನ ಆಣೆ ಇದೆ. ಬೇಡ."

"ಹೂಂ. ಬೇಡ ಅಂದ್ರೆ ಬೇಡ," ಎಂದು ಮತ್ತೆ ತನ್ನದನ್ನೇ ಬರೆಯುತ್ತಿದ್ದ.

ನಮ್ಮ ಕೇರಿಯನ್ನು ಚಂಡಮಾರುತವೊಂದು ಒರೆಸಿಹಾಕಿತು, ಲಿಯಾಂದ್ರೊನ ಆ ಎರಡು ಸಾಲಿನ ಕಾಗದವೂ ನೀರುಪಾಲಾಯಿತು. ಗುಟ್ಟು ಗೊತ್ತಿದ್ದವರಲ್ಲಿ, ಚೌಕದಲ್ಲಿ ಜೊತೆಗೆ ಆಡಿದವರಲ್ಲಿ ಕೆಲವರು ಸತ್ತರು, ಮಿಕ್ಕವರು ನೆಗ್ರೋಸ್ ದ್ವೀಪ, ಮನಿಲಾ ಎಂದು ಚದುರಿದರು. ಊರಿಗೆ ಬಂದು ನೆಲೆಸಿದ ನಮ್ಮಿಬ್ಬರನ್ನು ಜನ ಲಿಯಾಂದ್ರೊ, ಟೀಚರಮ್ಮ ಎಂದೇ ಬಲ್ಲರು. ಅವನು ಮದುವೆಯಾಗಲಿಲ್ಲ. ಸತ್ತವನ ಹೆಸರಲ್ಲಿ ಉಂಗುರ ಗಿಂಗುರ ಎಂದು ದೇವರ ಮುಂದೆ ನಿಲ್ಲಲಾರೆ ಎಂದ.

ಐದು ವರ್ಷದ ಹಿಂದೆ ಮನಿಲಾದಿಂದ ಎಲ್ಮರ್ ಎಂಬ ಹುಡುಗ ಬಂದ. ದೇಶದ ಫುಟ್‌ಬಾಲ್ ಚಾಂಪಿಯನ್‌ಶಿಪ್ಪುಗಳ ಚರಿತ್ರೆ ಬರೆಯುತ್ತಿದ್ದಾನಂತೆ. ಬಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಚೆಂಡೇ ಕಾಣದ ದೇಶ ನಮ್ಮದು. ಲೀಗುಗಳು ಅಣಬೆಯ ಹಾಗೆ ಎದ್ದು ಹಾಗೇ ಬಾಡುತ್ತವೆ, ಯಾವ ವರ್ಷ ಯಾರು ಗೆದ್ದರು ಎಂದರೆ ಉತ್ತರಿಸುವವರಿಲ್ಲ. ಪಾಪದ ಹುಡುಗ ಹಳೆಯ ಪೇಪರುಗಳ ಧೂಳು ಕುಡಿದು ಪಟ್ಟಿ ಮಾಡಿದ್ದ. ಅದನ್ನು ನೋಡಿ ಮೇಯರ್ ಫಲಕ ಮಾಡಿಸಿದರು. ಬಟ್ಟೆ ಸರಿಸಲು "ವೀರನ ತಮ್ಮ"ನನ್ನು ಕರೆದರು.

ಹಿಂದಿನ ದಿನ ಮೆಲಿತೋನ್ ನನ್ನ ಎದುರು ಬಂದು ಕೂತ. "ಇನ್ನು ಯಾರು ನನ್ನ ಹಿಡ್ಕೊಂಡು ಹೋಗ್ತಾರೆ? ಅರವತ್ತೇಳಾಯ್ತು. ನಾಳೆ ಹೇಳಿಬಿಡ್ತೀನಿ. ಗೋಲು ಅವನ್ದು, ಅವನಿಗೆ ಕೊಟ್ಬಿಡ್ತೀನಿ. ನೀನು ಹೌದು ಅಂದ್ರೆ ಸಾಕು ಇಂದೈ, ಬೇರೆ ಸಾಕ್ಷಿ ಯಾರೂ ಉಳಿದಿಲ್ಲ."

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವನು ಹೂಂ ಎಂದೇ ತಿಳಿದ.

ಮರುದಿನ ಬ್ಯಾಂಡು ಬಾರಿಸಿತು. ನಾನು ಕಲಿಸಿದ ಮಕ್ಕಳು, ಅವರ ಮಕ್ಕಳು, ಚೌಕದ ತುಂಬ ಜನ. ಬಟ್ಟೆ ಸರಿಸಿದ ಮೇಲೆ ಮೆಲಿತೋನ್ ಮೈಕಿನ ಮುಂದೆ ನಿಂತ. "ನಾನು ಲಿಯಾಂದ್ರೊ ಅಲ್ಲ," ಎಂದ. "ನಾನೇ ಮೆಲಿತೋನ್. ನಾನು ಸತ್ತಿಲ್ಲ, ಗೋಲೂ ಹೊಡೆದಿಲ್ಲ. ಹೊಡೆದೋನು ನನ್ನ ತಮ್ಮ. ಅವನ ಹೆಸರು ಬರೀರಿ."

 ಯಾರೋ ಕಿಸಕ್ಕೆಂದರು. ಮೇಯರ್ ಪ್ರೀತಿಯಿಂದಲೇ ಅವನ ಭುಜ ಹಿಡಿದು, "ಅಜ್ಜ ಇನ್ನೂ ಅಣ್ಣನ ದುಃಖದಲ್ಲೇ ಇದಾರೆ, ಚಪ್ಪಾಳೆ ತಟ್ರಪ್ಪಾ" ಎಂದರು. ಜನ ತಟ್ಟಿದರು. ಎಲ್ಮರ್ ಮಾತ್ರ ನಗದೆ, ಪೆನ್ನು ಹಿಡಿದು ನನ್ನ ಕುರ್ಚಿಯ ಹತ್ತಿರ ಬಂದು ಬಗ್ಗಿದ.

"ಟೀಚರ್, ಅವರು ಹೇಳ್ತಿರೋದು ನಿಜಾನಾ?"

ವೇದಿಕೆಯ ಮೇಲಿಂದ ಅಣ್ಣ ನನ್ನನ್ನೇ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಪಾದ್ರಿಗಳಿದ್ದರು, ನನ್ನ ಹೆಡ್‌ಮಾಸ್ಟರಿದ್ದರು. ನನ್ನ ಅಮ್ಮ ಸುಳ್ಳು ಹೆಸರಿಗೆ ಪೂಜೆ ಮಾಡಿಸಿದಳು, ನಾನು ಸುಳ್ಳು ಗೋರಿಗೆ ಹೂವಿಟ್ಟೆ ಎಂದು ಅಷ್ಟು ಜನರೆದುರು ಒಪ್ಪಿಕೊಳ್ಳಬೇಕಿತ್ತು. ಅಮ್ಮನ ಆಣೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಆಣೆಯಲ್ಲ, ನಾಚಿಕೆ. "ವಯಸ್ಸಾಯ್ತಲ್ಲಪ್ಪ," ಎಂದೆ. "ಮರೆವು."

ಎಲ್ಮರ್ ಪೆನ್ನು ಜೇಬಿಗಿಟ್ಟುಕೊಂಡ. ಅಣ್ಣ ಅದನ್ನು ನೋಡಿದ, ನೋಡಿ ಮೆಲ್ಲಗೆ ಮೆಟ್ಟಿಲಿಳಿದ.

ಮನೆಗೆ ಬರುವ ದಾರಿಯಲ್ಲಿ ಕೇಳಿದ: "ಏನಂದೆ ಅವನಿಗೆ?"

"ಮರೆವು ಅಂದೆ."

ಅವನಿಗೆ ಕೋಪ ಬರಲಿಲ್ಲ, ಬಂದಿದ್ದರೆ ನನಗೆ ಹಗುರಾಗುತ್ತಿತ್ತು. "ಮರೆವು ಬಂದಿದ್ರೆ ಎಷ್ಟು ಚೆನ್ನಾಗಿತ್ತು ಇಂದೈ," ಎಂದಷ್ಟೇ ಹೇಳಿದ. ಆ ನವೆಂಬರಿನಲ್ಲಿ ಕುಂಚ ಹಿಡಿದಾಗ ಅವನು ನನ್ನನ್ನು ಏನೂ ಕೇಳಲಿಲ್ಲ. ತಲೆ ತಗ್ಗಿಸಿ ತನ್ನ ಹೆಸರು ಬರೆದ.

ಹೋದ ಆಗಸ್ಟಿನಲ್ಲಿ ತೀರಿಕೊಂಡ. ಆಸ್ಪತ್ರೆಯಲ್ಲಿ, ಚರ್ಚಿನಲ್ಲಿ, ಪುರಸಭೆಯಲ್ಲಿ ಎಲ್ಲ ಕಡೆಯೂ ಲಿಯಾಂದ್ರೊ ಎಂದೇ ಬರೆದುಕೊಂಡರು. ಹಳೆಯ ಗೋರಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ನಾನು ಎಲ್ಮರನಿಗೆ ನಡೆದದ್ದೆಲ್ಲವನ್ನೂ ಆರು ಹಾಳೆ ಬರೆದೆ. ಒಳ್ಳೆಯ ಹುಡುಗ, ಕೂಡಲೇ ಉತ್ತರಿಸಿದ. ಪುಸ್ತಕ ಅಚ್ಚಾಗಿದೆ, ಇನ್ನೊಮ್ಮೆ ಅಚ್ಚಾದರೆ ತಿದ್ದಬಹುದು, ಆದರೆ ಪೇಪರುಗಳೆಲ್ಲ ಮೆಲಿತೋನ್ ಎಂದೇ ಹೇಳುತ್ತವೆ, ಏನಾದರೂ ಒಂದು ಕಾಗದವಿದ್ದರೆ ಕಳಿಸಿ ಎಂದಿದ್ದ.

ಕಾಗದ! ಅದನ್ನೇ ಅಲ್ಲವೇ ಒಬ್ಬ ಇನ್ನೊಬ್ಬನ ಮಡಿಲಿಗೆ ಎಸೆದದ್ದು.

ಈ ನವೆಂಬರ್ ಒಂದಕ್ಕೆ ಸುಣ್ಣದ ಡಬ್ಬ, ಕಪ್ಪು ಬಣ್ಣ ಹಿಡಿದು ಒಬ್ಬಳೇ ಹೋದೆ. ಹಳೆಯ ಗೋರಿಯ ಅಕ್ಷರಗಳ ಮೇಲೆ ಸುಣ್ಣ ಬಳಿದೆ. ಐವತ್ತು ಸಲ ತಿದ್ದಿದ ಹೆಸರು, ಎರಡು ಸಲ ಬಳಿದರೂ ಕೆಳಗಿಂದ ಕಾಣುತ್ತಿತ್ತು. ಮೂರನೆಯ ಸಲಕ್ಕೆ ಮಾಯವಾಯಿತು. ಒಣಗಿದ ಮೇಲೆ ಲಿಯಾಂದ್ರೊ ಎಂದು ಬರೆದೆ. ಪಕ್ಕದ ಹೊಸ ಗೋರಿಯ ಮೇಲೆ ಮೆಲಿತೋನ್ ಎಂದು ಬರೆದೆ.

ಸ್ಮಶಾನದ ಕಾವಲುಗಾರ ಬಂದು ನಿಂತ. ಮೂರನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಅಕ್ಷರ ಕಲಿತವನು. ಎರಡೂ ಗೋರಿ ಓದಿದ, ಮತ್ತೆ ಓದಿದ.

"ಟೀಚರ್, ಹೆಸರು ಅದಲುಬದಲಾಗಿದೆ."

"ಇಲ್ಲಪ್ಪ, ಈಗ ಸರಿಯಾಗಿದೆ," ಎಂದು ಅವನಿಗೆ ಮೊದಲಿಂದ ಕೊನೆಯವರೆಗೆ ಹೇಳಿದೆ. ಅವನು ತಲೆಯಾಡಿಸುತ್ತಾ ಕೇಳಿಸಿಕೊಂಡ, ನನ್ನ ಕೈಯಿಂದ ಕುಂಚವನ್ನು ಮೆತ್ತಗೆ ಬಿಡಿಸಿಕೊಂಡ. ಆಮೇಲೆ ಅತ್ತ ತಿರುಗಿ ತನ್ನ ಹೆಂಡತಿಗೆ ಮೆಲುದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

"ಪಾಪ, ಟೀಚರಿಗೂ ಮರೆವು ಶುರುವಾಗಿದೆ."