ನಡುವೆ ಬಂದ ಕಲ್ಲು

ಸೀಗ ಆಟಕ್ಕೆ ಹಲಗೆ ಬೇಡ, ನೆಲದಲ್ಲಿ ಸಾಲು ಗುಣಿ ತೋಡಿ ಕಲ್ಲು ನಡೆಸಿದರಾಯಿತು. ಎದುರಾಳಿಯ ಎರಡು ಕಲ್ಲು ಎರಡು ಪಕ್ಕ ಬಂದು ನಿಂತರೆ ನಡುವೆ ಸಿಕ್ಕ ಕಲ್ಲು ಸತ್ತಂತೆ. ಆದರೆ ಅಂಥ ಎರಡರ ನಡುವೆ ಕಲ್ಲು ತಾನಾಗಿ ಹೋಗಿ ನಿಂತರೆ? ನೈಲ್ ನದಿಯ ಈಚೆ ದಡದ ನಾವು ಸತ್ತಿತು ಅನ್ನುತ್ತೇವೆ, ಆಚೆ ದಡದವರು ಉಳಿಯಿತು ಅನ್ನುತ್ತಾರೆ. ಆದ್ದರಿಂದ ಬೇರೆ ಊರಿನವನ ಜೊತೆ ಆಡುವಾಗ ಮೊದಲ ಕಲ್ಲು ಇಡುವ ಮುಂಚೆಯೇ ಇದನ್ನು ಇತ್ಯರ್ಥ ಮಾಡಿಕೊಳ್ಳುವುದು ಪದ್ಧತಿ.

ಹಾಜಿ ಖಲಫನ ಅಂಗಳದಲ್ಲಿ ಅವತ್ತು ಯಾರೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಇದು ಬರಿಯ ಆಟವಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಅತ್ತೆ ನಾದಿನಿಯ ಕಾಟಕ್ಕೆ ಗಂಡನ ಮನೆ ಬಿಟ್ಟು ಬಂದ ಮಗಳು ಸನಿಯಾ ಒಳಗಿದ್ದಳು. ಅವಳನ್ನು ಕರೆದೊಯ್ಯಲು ಆಚೆ ದಡದಿಂದ ಅಳಿಯ ಬಖೀತ್ ಬಂದಿದ್ದ. ಮಾವ ಕ್ಷೇಮಸಮಾಚಾರವನ್ನೂ ಕೇಳದೆ ಸೀಗಕ್ಕೆ ಕೂರಿಸಿದ. ಅಳಿಯ ಗೆದ್ದರೆ ಮಾವ ಮಗಳನ್ನು ಕಳಿಸುತ್ತಾನೆ, ಸೋತರೆ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

ಆಟ ಬಿಗಿಯಾದಾಗ ಬಖೀತ್ ತನ್ನ ಕಲ್ಲನ್ನು ಮಾವನ ಎರಡು ಕಲ್ಲುಗಳ ನಡುವೆ ತಳ್ಳಿದ. ಖಲಫ್ ತಕ್ಷಣ ಅದನ್ನೆತ್ತಿಕೊಂಡ.

“ಸತ್ತೋಯ್ತು.”

“ಅದ್ಹೆಂಗ್ ಮಾವ? ನೀವು ಬಂದು ಹಿಡಿದಿದ್ದಲ್ಲ, ನಾನೇ ನಡೆಸಿದ್ದು. ತಾನಾಗಿ ಬಂದೋರನ್ನ ಯಾರಾದ್ರೂ ಹೊಡೀತಾರಾ?”

“ನೋಡ್ದೆ ಹೋಗಿ ಬಾವಿಗೆ ಬಿದ್ರೆ ಬಾವೀದು ತಪ್ಪೇನಯ್ಯಾ?”

“ಅದು ಹೋದ್ರೆ ಆಟಾನೇ ಹೋಯ್ತು ಮಾವ.”

ಇಬ್ಬರೂ ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿದ್ದ ನನ್ನ ಕಡೆ ತಿರುಗಿದರು. ನಮ್ಮೂರಿನ ಸೀಗದ ಜಗಳವೆಲ್ಲ ನನ್ನ ಹತ್ತಿರವೇ ಬರುತ್ತದೆ. ಆ ದೊಡ್ಡಸ್ತಿಕೆ ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ.

“ಖಲಫ್, ಮನೆ ಯಜಮಾನ ನೀನು, ನಿಯಮ ಮೊದಲೇ ಹೇಳಬೇಕಾದೋನೂ ನೀನೇ. ಹೇಳ್ಲಿಲ್ಲ. ಅನುಮಾನ ಬಂದ್ರೆ ನೆಂಟನ ಕಡೆಗೇ ಬಿಡಬೇಕು. ಕಲ್ಲು ಉಳೀತು, ಇಡು.”

“ನನ್ನ ಚಹಾ ಕುಡ್ದು ಅವನ ಕಡೆ ಮಾತಾಡ್ತೀಯಲ್ಲೋ!” ಎಂದು ಗೊಣಗುತ್ತ ಖಲಫ್ ಕಲ್ಲನ್ನು ಗುಣಿಗೆ ಹಾಕಿದ. ಅದೇ ಕಲ್ಲಿನಿಂದ ಬಖೀತ್ ಗೆದ್ದ. ಮಾವನ ಮುಖ ಹುಳ್ಳಗಾಯಿತು, ಆದರೂ ಅವನು ಬಾಯಿಬಿಟ್ಟು ಆಡದ ಮಾತಿಗೂ ತಪ್ಪುವವನಲ್ಲ.

“ಸನಿಯಾ, ಬಟ್ಟೆ ಕಟ್ಕೋ.”

ಸನಿಯಾ ಬರಿಗೈಯಲ್ಲಿ ಹೊರಗೆ ಬಂದಳು. ಗಂಡನನ್ನು ನೋಡಲಿಲ್ಲ, ನನ್ನನ್ನು ಕೇಳಿದಳು.

“ಚಿಕ್ಕಪ್ಪ, ಆ ಕಲ್ಲು ಯಾಕೆ ಉಳೀತು?”

“ತಾನಾಗಿ ಹೋಗಿದ್ದಕ್ಕಮ್ಮ.”

“ಅಪ್ಪ, ಆ ಅತ್ತೆ ನಾದಿನಿ ನಡುವೆ ನಾನು ನಾನಾಗೇ ಹೋಗಿದ್ನಾ? ನೀನು ತಗೊಂಡೋಗಿ ಇಟ್ಟೆ.”

ನನಗೆ ನಾಚಿಕೆಯಾಯಿತು. ನ್ಯಾಯ ಹೇಳಿದೆನೆಂದು ಬೀಗಿದವನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

“ಹಂಗಾದ್ರೆ ಬರಲ್ವಾ?” ಬಖೀತ್ ಕೇಳಿದ.

“ನಿಮ್ಮ ಜೊತೆ ಬರಲ್ಲ. ಸೊಸೇನ ಆಟದಲ್ಲಿ ಗೆದ್ಕೊಂಡು ಬಂದ ಅಂತ ನಿಮ್ಮಮ್ಮ ಊರೆಲ್ಲ ಹೇಳ್ತಾರೆ. ನೀವು ಹೋಗಿ. ನಾಳೆ ನಾನೊಬ್ಳೇ ದೋಣಿ ಹತ್ತಿ ಬರ್ತೀನಿ. ತಾನಾಗಿ ಬಂದೋರನ್ನ ನಿಮ್ಮೂರಲ್ಲಿ ಹೊಡಿಯಲ್ಲ ಅಂದ್ರಲ್ಲ, ಅದನ್ನ ಇವತ್ತೇ ನಿಮ್ಮಮ್ಮನಿಗೆ ಹೇಳಿಡಿ.”

“ಹೇಳ್ತೀನಿ” ಎಂದ ಬಖೀತ್. ಗೆದ್ದವನು ಒಬ್ಬನೇ ದೋಣಿಯ ಕಡೆ ನಡೆದ.